ಆಚೆ ದಂಡೆಯ ಚಕ್ಕಡಿ

ನಮ್ಮ ಹೊಳೆಗೆ ಸೇತುವೆ ಆಗಿ ಬಹಳ ವರ್ಷವಾಯಿತು. ಬಸ್ಸು ಅದರ ಮೇಲೆ ಹತ್ತಿತೆಂದರೆ ಜನ ಕಿಟಕಿಯಿಂದಲೇ ಮಲಪ್ರಭೆಗೆ ಕೈ ಮುಗಿಯುತ್ತಾರೆ, ಮುದುಕಿಯರು ಸೆರಗಿನ ಗಂಟು ಬಿಚ್ಚಿ ನಾಣ್ಯ ಒಗೆಯುತ್ತಾರೆ. ನಾನು ಮಾತ್ರ ಮುಖ ತಿರುಗಿಸಿ ಕೂಡುತ್ತೇನೆ. "ಯಾಕ ಅಜ್ಜಿ, ಹೊಳಿ ಕೂಡ ಮಾತು ಬಿಟ್ಟೀ ಏನು?" ಎಂದು ಮೊಮ್ಮಗಳು ಕಾಡುತ್ತಾಳೆ. "ಹೌದ ನಮ್ಮವ್ವಾ, ಬಿಟ್ಟೇನಿ. ನೀ ಬೇಕಾದ್ರ ಮಾತಾಡ್ಸು" ಎನ್ನುತ್ತೇನೆ. ಅವಳು ನಗುತ್ತಾಳೆ, ಪಕ್ಕದವರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಅಳು ಬರುತ್ತದೆ, ಬಸ್ಸಿನಲ್ಲಿ ನಾಲ್ಕು ಜನರ ಮುಂದೆ ಅದು ಬೇಡವೆಂದು ಬಾಯಿ ಮುಚ್ಚಿಕೊಂಡಿರುತ್ತೇನೆ.

ನಾನು ಹೇಳುವುದು ಸೇತುವೆ ಇಲ್ಲದ ಕಾಲದ ಮಾತು. ಆಗ ನಮಗೆ ಇನ್ನೂ ಮುಂಬೈ ಸರಕಾರ. ನನ್ನ ಗಂಡನ ಊರು ಹೊಳೆಯ ಈಚೆ ದಂಡೆಗೆ, ನರಗುಂದದ ಕಡೆ. ತವರು ಆಚೆ ದಂಡೆಯಿಂದ ಸ್ವಲ್ಪ ಒಳಗೆ. ನಡುವೆ ಕಡವು. ಕಡವೆಂದರೆ ಬರೀ ದೋಣಿ ನಿಲ್ಲುವ ಜಾಗ ಎಂದುಕೊಳ್ಳಬೇಡಿ, ಅದೊಂದು ಸಣ್ಣ ಪೇಟೆಯೇ ಆಗಿತ್ತು. ಆಚೆಯ ಜೋಳ, ಕಡಲೆ, ಹತ್ತಿ ಎಲ್ಲ ಅಲ್ಲಿ ಇಳಿದು, ಚಕ್ಕಡಿ ಹತ್ತಿ ನರಗುಂದಕ್ಕೋ ರೋಣಕ್ಕೋ ಹೋಗಬೇಕು. ಈಚೆಯ ಉಪ್ಪು, ಬೆಲ್ಲ, ಗಜೇಂದ್ರಗಡದ ಸೀರೆ ಎಲ್ಲ ಆಚೆ ಹೋಗಬೇಕು. ಚಕ್ಕಡಿ, ಎತ್ತು ದಾಟಿಸಲಿಕ್ಕೆ ಕಟ್ಟಿಗೆಯ ದೊಡ್ಡ ನಾವೆ. ಜನಕ್ಕೆ ಹರಗೋಲು, ಬಿದಿರು ಹೆಣೆದು ಎಮ್ಮೆಯ ಚರ್ಮ ಹೊದಿಸಿದ್ದು. ಹಸಿ ಚರ್ಮದ ವಾಸನೆ, ಎತ್ತಿನ ಸೆಗಣಿಯ ವಾಸನೆ, ಹಮಾಲರ ಬೈಗಳು, ದಾಟಲಿಕ್ಕೆ ಒಲ್ಲದ ಆಡುಗಳ ಕಿರಿಚಾಟ. ಕಿವಿ ಕಿತ್ತು ಹೋಗುವಷ್ಟು ಗದ್ದಲ.

ಆ ಗದ್ದಲದಿಂದ ಸ್ವಲ್ಪ ಕೆಳಕ್ಕೆ ಬಂದರೆ ಮಣ್ಣು ಮುಗಿದು ಹರಳು ಶುರುವಾಗುತ್ತಿತ್ತು. ಉದ್ದಕ್ಕೂ ಹರಳು, ಬಿಳಿಯವು, ಕೆಂಪಿನವು, ಬೆಲ್ಲದ ಬಣ್ಣದವು, ಗುಬ್ಬಿಯ ತತ್ತಿಯಷ್ಟರಿಂದ ಹಿಡಿದು ಒಳಕಲ್ಲಿನ ಗುಂಡಿನಷ್ಟರ ತನಕ. ಬರಿಗಾಲಲ್ಲಿ ನಡೆದರೆ ಕಾಲ ಕೆಳಗೆ ಜಾರಿ ಕಟಕಟ ಎನ್ನುತ್ತಿದ್ದವು. ಎರಡೂ ದಂಡೆಗೆ ಹಾಗೆಯೇ.

ವರ್ಷ ವರ್ಷವೂ ಹೊಳೆಗೆ ಹೊಸ ನೀರು ಬಂದಾಗ ಹೆಂಗಸರು ಐದು ಹರಳು ಆರಿಸಿ, ತೊಳೆದು, ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ ಗಂಗವ್ವ ಎಂದು ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ನಮ್ಮ ಅವ್ವ ಆ ಐದು ಹರಳು ಆರಿಸಲಿಕ್ಕೆ ಅರ್ಧ ದಿನ ತೆಗೆದುಕೊಳ್ಳುತ್ತಿದ್ದಳು. ನಾನು ಸಣ್ಣವಳಿದ್ದಾಗ ಆಚೆ ದಂಡೆಯಲ್ಲಿ ಅವಳ ಹಿಂದೆ ಹಿಂದೆ ಅಡ್ಡಾಡಿ, ನೀರಿನಿಂದ ಮಿರಿಮಿರಿ ಮಿಂಚುವ ಹರಳು ಎತ್ತಿ ತಂದು ಕೊಟ್ಟರೆ, ಅವಳು ನೋಡುತ್ತಲೂ ಇರಲಿಲ್ಲ. "ನೀರಾಗ ಎಲ್ಲಾ ಹರಳೂ ಚಂದ ಕಾಣ್ತಾವ. ದಂಡಿಗೆ ಇಡು. ಒಣಗಿದ ಮ್ಯಾಲೆ ಬಣ್ಣ ಉಳೀತಂದ್ರ ತಗೊಂಬಾ" ಎನ್ನುತ್ತಿದ್ದಳು. ಒಣಗಿದ ಮೇಲೆ ನೋಡಿದರೆ ಹತ್ತರಲ್ಲಿ ಒಂಬತ್ತು ಬೂದಿಯ ಬಣ್ಣಕ್ಕೆ ತಿರುಗಿರುತ್ತಿದ್ದವು.

ನನ್ನ ಮದುವೆಯ ವಿಷಯದಲ್ಲೂ ಅದೇ ಮಾತು. ನೋಡಲು ಬಂದ ಹುಡುಗನನ್ನು ಬಾಗಿಲ ಸಂದಿಯಿಂದ ನೋಡಿ ನಾನು ಸುಮ್ಮನೆ ನಕ್ಕಿದ್ದಕ್ಕೆ, "ಹಸಿ ಹರಳು ಅದು, ಒಣಗಲಿ ತಡಿ" ಎಂದು ಹೇಳಿ ಮನೆಯವರನ್ನೆಲ್ಲ ನಗಿಸಿದ್ದಳು. ಲಗ್ನವಾಗಿ ವರ್ಷ ಕಳೆದ ಮೇಲೆ, ಆ ಹುಡುಗ, ಅಂದರೆ ನಮ್ಮ ಮನೆಯವರು, ಅವ್ವನ ಹೊಲ ಹೂಡುವ ಮುರಿದ ರಂಟೆಯನ್ನು ತಾವೇ ಕೂತು ಸರಿ ಮಾಡಿಕೊಟ್ಟು ಹೋದ ದಿನ, ನನ್ನ ಕಿವಿಯಲ್ಲಿ, "ಒಣಗಿದ ಮ್ಯಾಲೂ ಬಣ್ಣ ಐತಿ ಬಿಡು" ಎಂದಳು. ಅಪ್ಪ ಹೋದ ಮೇಲೆ ಹೊಲ ಮನೆ ಎಲ್ಲ ಒಬ್ಬಳೇ ನಡೆಸಿದವಳು ಅವಳು. ಅವಳ ಬಾಯಿಂದ ಅಷ್ಟು ಬಂದರೆ ದೊಡ್ಡ ಮಾತು.

ನನಗೆ ಐದು ತಿಂಗಳಾದಾಗ ಅವ್ವ ಕುಬಸ ತಂದಳು. ಕುಬಸವೆಂದರೆ ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಪ್ಪಸ, ಹಸಿರು ಬಳೆ ಇಟ್ಟು ಉಡಿ ತುಂಬುವುದು. ಬಿರು ಬೇಸಿಗೆ. ಹೊಳೆ ಬತ್ತಿ ಬರೀ ಹರಳೇ ಹರಳು. ಅಣ್ಣ ಚಕ್ಕಡಿ ಹೂಡಿ ಅವ್ವನನ್ನು ನೀರಿನಲ್ಲಿ ಹಾಯಿಸಿಕೊಂಡೇ ಬಂದಿದ್ದ, ಗಾಲಿ ಅರ್ಧವೂ ಮುಳುಗಿರಲಿಲ್ಲವಂತೆ. ಊಟವಾದ ಮೇಲೆ ಅವ್ವ ನಮ್ಮ ಅತ್ತೆಗೆ ಕೇಳಿದಳು, "ಬೀಗತಿ, ಈಗ ಕರಕೊಂಡ ಹೋಗ್ಲೇನ್ರಿ? ಹೊಳಿ ಇಳಿದೈತಿ, ದಾರಿ ಚಲೋ ಐತಿ."

"ಅಯ್ಯ, ಇನ್ನೂ ಐದರಾಗ ಯಾಕ್ರಿ ಬೀಗತಿ? ಏಳಕ್ಕ ಬಂದು ಕರಕೊಂಡು ಹೋಗ್ರಿ. ನನ್ನ ಕೈಯಾಗೂ ಎರಡು ದಿನ ಉಂಡು ಇರಲಿ" ಎಂದರು ಅತ್ತೆ. ಅದು ಪ್ರೀತಿಯ ಮಾತೇ. ಅವ್ವನೂ ಹ್ಞೂಂ ಅಂದಳು. ಹೋಗುವಾಗ ಚಕ್ಕಡಿಯಲ್ಲಿ ಕೂತು, "ಏಳಕ್ಕ ಬರ್ತೇನಿ ನೋಡ. ಹುಣಸಿಕಾಯಿ ಭಾಳ ತಿನ್ನಬ್ಯಾಡ" ಎಂದು ಕೂಗಿದಳು. ನಾನು ತಿಂದೆ. ತಿನ್ನದೆ ಬಿಡುವ ಜಾತಿಯಲ್ಲ ನಾನು.

ಏಳರಲ್ಲಿ ಬಿತ್ತಿಗೆ ಬಂತು. ಹೆಸರು ಬಿತ್ತುವ ಹೊತ್ತು, ನೆಲ ಹಸಿ ಇದ್ದಾಗಲೇ ಬಿತ್ತಬೇಕು. ಆಚೆ ಅಣ್ಣನ ಎತ್ತು ಕೂರಿಗೆಯಲ್ಲಿ, ಈಚೆ ನಮ್ಮ ಎತ್ತು ಕೂರಿಗೆಯಲ್ಲಿ. "ಬಿತ್ತಿಗಿ ಮುಗೀಲಿ" ಎಂದು ಆಚೆಯವರೂ ಅಂದರು, ಈಚೆಯವರೂ ಅಂದರು. ಬಿತ್ತಿಗೆ ಮುಗಿಯುವುದರೊಳಗೆ ಎಂಟು ಹತ್ತಿತು. ಎಂಟರಲ್ಲಿ ಬಸುರಿಯನ್ನು ಮನೆಯ ಹೊಸ್ತಿಲು ದಾಟಿಸಿ ತವರಿಗೆ ಕಳಿಸಬಾರದು, ಬೆಸ ತಿಂಗಳಲ್ಲೇ ಕಳಿಸಬೇಕು. ಇದನ್ನು ನಮ್ಮ ಕಡೆ ಯಾರೂ ಮೀರುವುದಿಲ್ಲ. ಒಂಬತ್ತು ಹತ್ತಲಿ ಎಂದು ಕಾದರು. ಒಂಬತ್ತು ಹತ್ತಿತು, ಹೊಳೆ ಬಂತು. ಈಗ ಕೂತು ಯೋಚನೆ ಮಾಡಿದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಯಾರ ತಪ್ಪೆಂದು ಹೇಳುವುದು? ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದವರು.

ಎಂಟರಲ್ಲಿದ್ದಾಗಲೇ ಸುದ್ದಿ ಬಂದಿತ್ತು. ಕಡವಿನಲ್ಲಿ ಜೋಳ ಇಳಿಸಲು ಬಂದ ನಮ್ಮ ತವರಿನ ಒಬ್ಬ, ನೀರು ಕುಡಿಯಲು ಮನೆಗೆ ಬಂದು, "ನಿಮ್ಮವ್ವಗ ಜಡ್ಡು ಆಗೇತಿ. ಕಾಲು, ಮಾರಿ ಬಾತಾವ. ಬದಾಮಿ ದವಾಖಾನಿಗೆ ಒಯ್ದಿದ್ರು" ಎಂದು ಬಾಯಿ ಬಿಟ್ಟ. ಅತ್ತೆ ಹಿಂದಿನಿಂದ ಕಣ್ಣು ಸನ್ನೆ ಮಾಡಿದ್ದನ್ನು ಆಮೇಲೆ ನೋಡಿ, "ಏನಿಲ್ಲ ಬಿಡ್ರಿ, ಗುಣ ಆಗಾಕತ್ತೈತಿ" ಎಂದು ಮಾತು ನುಂಗಿದ. ನಾನು ಅವತ್ತು ಮನೆಯಲ್ಲಿ ರಂಪ ಎಬ್ಬಿಸಿದೆ. ಅನ್ನ ಬಿಟ್ಟೆ. "ಹೋಗ್ತೇನಿ ಅಂದ್ರ ಹೋಗ್ತೇನಿ. ನನ್ನವ್ವನಕಿಂತ ನಿಮ್ಮ ಎಂಟು ದೊಡ್ಡದಲ್ಲ" ಎಂದು ಅತ್ತೆಯ ಮುಖಕ್ಕೇ ಅಂದೆ.

ಅತ್ತೆ ಸಿಟ್ಟಾಗಲಿಲ್ಲ. ಒಲೆಯ ಮುಂದೆ ಕೂತವರು ಕೂತಲ್ಲಿಂದಲೇ ಹೇಳಿದರು: "ನನ್ನ ಎಂಟರಾಗ ಕಳಸಿದ್ರವ್ವಾ. ಚಕ್ಕಡ್ಯಾಗ ನೋವು ತಿಂದೆ. ನಿನ್ನ ಗಂಡನಕಿಂತ ಮೊದಲಿನ ಕೂಸು ಅದು, ದಾರ್ಯಾಗ ಹೋತು. ಹೊಲದ ಬದುವಿನ್ಯಾಗ ಇಟ್ಟು ಬಂದ್ವಿ. ಹೋಗು ಅಂತ ನಾ ಹ್ಯಾಂಗ ಅನ್ಲಿ?" ಅವತ್ತು ಸಂಜೆ ಅವರೇ ತಟ್ಟೆ ತಂದು ಮುಂದೆ ಇಟ್ಟರು, ನಾನು ಉಂಡೆ.

ಶ್ರಾವಣದಲ್ಲಿ ಹೊಳೆ ತುಂಬಿತು. ನಮ್ಮಲ್ಲಿ ಮಳೆಯ ಹನಿ ಇಲ್ಲ, ಎರೆ ಹೊಲ ಬಿರಿದು ನಿಂತಿದೆ, ಹೊಳೆ ಮಾತ್ರ ಘಟ್ಟದ ಮಳೆಯನ್ನೆಲ್ಲ ಹೊತ್ತು ಕೆಂಪಗೆ ಬಂದಿದೆ. ಹರಳಿನ ದಂಡೆ ಮುಕ್ಕಾಲು ಮುಳುಗಿತು. ನಾವೆಯನ್ನು ಎಳೆದು ಗಿಡಕ್ಕೆ ಕಟ್ಟಿದರು. ನೀರಿನ ಸೆಳವು ಸ್ವಲ್ಪ ತಗ್ಗಿದ ಮೇಲೆ ಹರಗೋಲು ಮಾತ್ರ ಬಿಟ್ಟರು, ಅದೂ ಮೇಲಕ್ಕೆ ಬಹಳ ದೂರ ಒಯ್ದು ಅಲ್ಲಿಂದ ಬಿಟ್ಟರೆ ಕೆಳಗೆ ಬಂದು ಆಚೆ ದಂಡೆ ಹತ್ತುತ್ತಿತ್ತು.

ನಾನು ದಿನಾ ಕಡವಿಗೆ ಹೋಗಲು ಶುರು ಮಾಡಿದೆ. ಹೊಟ್ಟೆ ಹೊತ್ತುಕೊಂಡು, ಸೊಂಟಕ್ಕೆ ಕೈ ಕೊಟ್ಟು, ಮುಳುಗದೆ ಉಳಿದ ಹರಳಿನ ಮೇಲೆ ಹೋಗಿ ಕೂಡುವುದು, ಆಚೆಯಿಂದ ಇಳಿದವರನ್ನೆಲ್ಲ ಕೇಳುವುದು. "ನಮ್ಮವ್ವ ಹ್ಯಾಂಗ ಅದಾಳ್ರಿ?" "ಚಲೋ ಅದಾಳವ್ವಾ." ಎಲ್ಲರದೂ ಒಂದೇ ಮಾತು. ಬಸುರಿಗೆ ಕೆಟ್ಟ ಸುದ್ದಿ ಹೇಳಬಾರದೆಂಬುದು ಎರಡೂ ದಂಡೆಯವರಿಗೂ ಗೊತ್ತು. ಹಾಗಾಗಿ ನಾನು ಅವರ ಮಾತು ಕೇಳುವುದನ್ನು ಬಿಟ್ಟು ಮುಖ ನೋಡುವುದನ್ನು ಕಲಿತೆ. ಮೊದಮೊದಲು ನನ್ನ ಮುಖ ನೋಡಿಯೇ "ಚಲೋ ಅದಾಳ" ಅನ್ನುತ್ತಿದ್ದರು. ಬರಬರುತ್ತ ತಮ್ಮ ಕಾಲು ನೋಡಿಕೊಂಡು ಅನ್ನತೊಡಗಿದರು.

ನರಗುಂದದ ಸಂತೆಯ ದಿನ ನನಗೆ ತಡೆಯಲಾಗಲಿಲ್ಲ. ಸಂತೆ ಮುಗಿಸಿಕೊಂಡು ಆಚೆ ಹೋಗುವ ಜನ ಗಂಟು, ಬುಟ್ಟಿ, ಕೋಳಿ ಹಿಡಿದು ಹರಗೋಲು ಹತ್ತುತ್ತಿದ್ದರು. ನಾನೂ ಅವರ ನಡುವೆ ನುಗ್ಗಿ ಹೋಗಿ ಕೂತುಬಿಟ್ಟೆ. ಅಂಬಿಗ ವಯಸ್ಸಾದವನು, ನಾನು ಸಣ್ಣವಳಿದ್ದಾಗಿನಿಂದ ಕಾಕಾ ಎಂದೇ ಕರೆಯುತ್ತಿದ್ದೆ. ನನ್ನನ್ನು ನೋಡಿದವನೇ ಹುಟ್ಟನ್ನು ಹರಗೋಲಿನಿಂದ ತೆಗೆದುಕೊಂಡು ದಂಡೆಗೆ ಹೋಗಿ ಹರಳಿನ ಮೇಲೆ ಕೂತ.

"ಇಳೀಬೇಕ ಯವ್ವಾ."

"ಇಳಿಯಂಗಿಲ್ಲ ಕಾಕಾ. ದುಡ್ಡು ಎರಡು ಪಟ್ಟು ತಗೋ."

"ಎರಡು ಪಟ್ಟು ಗಂಗವ್ವ ಕೇಳ್ತಾಳ, ನಾ ಅಲ್ಲ. ಕೆಂಪು ನೀರಿನ್ಯಾಗ ಬಸುರಿನ್ನ ಹತ್ತಸಂಗಿಲ್ಲ. ಒಂದು ಕುಂತಲ್ಲಿ ಎರಡು ಜೀವ ಇದ್ರ ಹೊಳಿ ಒಂದು ತನಗ ಬೇಡ್ತೈತಿ. ನಮ್ಮಪ್ಪ ಹೇಳ್ಯಾನ, ಅವರಪ್ಪ ಹೇಳ್ಯಾನ. ನೀ ಇಳಿಯೋ ತನಕ ನಾ ಹುಟ್ಟು ಮುಟ್ಟಂಗಿಲ್ಲ."

ಕೂತವರು ಗೊಣಗತೊಡಗಿದರು. ಹೊತ್ತು ಇಳಿಯುತ್ತಿತ್ತು, ಅವರಿಗೂ ಮನೆ ಇತ್ತು, ಹಾಲು ಕರೆಯುವ ಎಮ್ಮೆ ಇತ್ತು. ಒಬ್ಬಾಕೆ, "ತಂಗಿ, ನಿನ್ನ ಸಲುವಾಗಿ ನಮ್ಮನ್ನೂ ಮುಳಗಸ್ತೀ ಏನು?" ಎಂದಳು. ನಾನು ಅವಳಿಗೂ ಬೈದೆ, ಕಾಕಾನಿಗೂ ಬೈದೆ, ಹೊಳೆಗೂ ಬೈದೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರಲ್ಲ, ನನ್ನ ಬಾಯಿ ಅವತ್ತು ಏನೂ ಕೆಲಸಕ್ಕೆ ಬರಲಿಲ್ಲ. ಹಿಂದಿನಿಂದ ಅತ್ತೆ ಓಡಿ ಬಂದಿದ್ದರು. ಏದುಸಿರು ಬಿಡುತ್ತ ಕೈ ಚಾಚಿ ನಿಂತರು. ಆ ಕೈ ನೋಡಿ ನಾನು ಇಳಿದೆ.

ಅದಾದ ಸ್ವಲ್ಪ ದಿನಕ್ಕೆ ಅಣ್ಣನೇ ಹೊಳೆ ದಾಟಿ ಬಂದ. ಗಡ್ಡ ಬಿಟ್ಟಿದ್ದ. ನಾನು "ಅವ್ವ?" ಅಂದೆ. ಅವನು ಎಲ್ಲರ ಹಾಗೆ "ಚಲೋ ಅದಾಳ" ಅನ್ನಲಿಲ್ಲ. ಕಟ್ಟೆಯ ಮೇಲೆ ಕೂತು ತಲೆಗೆ ಸುತ್ತಿದ ಪಟಗಾದಿಂದ ಮುಖ ಮುಚ್ಚಿಕೊಂಡ. ಆಮೇಲೆ ಹೇಳಿದ.

"ಯಾರು ನೀರು ಕೊಟ್ರೂ ವಲ್ಲೆ ಅಂತಾಳ. ಮಗಳ ಕೈಯಾನ ನೀರು ಬೇಕಂತ. ಅದನ್ನ ಕುಡದ ಹೋಗ್ತೇನಿ ಅಂತಾಳ."

ನಮ್ಮಲ್ಲಿ ಕೊನೆಗಾಲಕ್ಕೆ ಮಕ್ಕಳ ಕೈಯ ನೀರು ಬಾಯಿಗೆ ಬೀಳಬೇಕು. ಮಗ ಕೊಟ್ಟರೆ ಸಾಕೆಂದು ಎಲ್ಲರೂ ಅನ್ನುತ್ತಾರೆ. ನಮ್ಮವ್ವನಿಗೆ ಸಾಕಾಗಲಿಲ್ಲ. ಹಟ ಅವಳದೂ ಏನು ಕಡಿಮೆಯೇ, ನನಗೆ ಬಂದದ್ದೇ ಅವಳಿಂದ.

ಅವ್ವನನ್ನೇ ಈಚೆ ತರಬಾರದೇ ಎಂದು ನಾನು ಕೇಳಿದೆ. ಅಣ್ಣ ಆಗಲೇ ಕಾಕಾನ ಕಾಲು ಹಿಡಿದು ಬಂದಿದ್ದ. ಹುಟ್ಟೋರನ್ನೂ ಹತ್ತಿಸುವುದಿಲ್ಲ, ಸಾಯೋರನ್ನೂ ಹತ್ತಿಸುವುದಿಲ್ಲ ಎಂದನಂತೆ. ಹರಗೋಲಿನಲ್ಲಿ ಅವಳನ್ನು ಮಲಗಿಸಲಿಕ್ಕೂ ಬರುವುದಿಲ್ಲ, ಕೂಡಿಸಲಿಕ್ಕೂ ಬರುವುದಿಲ್ಲ. ಅತ್ತ ದರಿ ಇತ್ತ ಪುಲಿ ಅನ್ನುವ ಹಾಗಾಯಿತು. ಆಗ ನಮ್ಮ ಮನೆಯವರು ಬಾಯಿ ಬಿಟ್ಟರು. ವಾರಕ್ಕೆ ನಾಲ್ಕು ಮಾತು ಆಡುವ ಮನುಷ್ಯ ಅವರು. "ಅವ್ವನ್ನ ಚಕ್ಕಡ್ಯಾಗ ಆಚಿ ದಂಡಿಗೆ ತಗೊಂಬಾ. ಇಕಿ ಈಚಿ ದಂಡ್ಯಾಗ ನಿಂದರ್ತಾಳ. ನೀರು ಹರಗೋಲದಾಗ ಕಳಸೂಣು. ನೀರು ಹತ್ತಸಾಕೇನು ಕಾಕಾಂದು ತಕರಾರು ಇಲ್ಲಲ್ಲ?"

ಮರುದಿನ ಬಿಸಿಲೇರುವ ಹೊತ್ತಿಗೆ ನಾವು ಕಡವಿಗೆ ಹೋದೆವು. ನಾನು ಕುಬಸದ ಹಸಿರು ಸೀರೆ ಉಟ್ಟಿದ್ದೆ, ಆಚೆಯಿಂದ ಅವಳಿಗೆ ನನ್ನ ಗುರುತು ಸಿಗಲಿ ಎಂದು. ಮನೆಯಿಂದ ಹಿತ್ತಾಳೆಯ ತಂಬಿಗೆ ತಂದಿದ್ದೆ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು. ಹೊಳೆಯ ನೀರು ರಾಡಿ, ಅದನ್ನು ಸಾಯುವವರ ಬಾಯಿಗೆ ಹೇಗೆ ಹಾಕುವುದು? ಹರಳಿನಲ್ಲಿ ಕೂತು ಕೈಯಿಂದಲೇ ವರತೆ ತೋಡಿದೆ. ದಂಡೆಯ ಹರಳು ಸರಿಸಿ, ಅದರ ಕೆಳಗಿನ ಉಸುಕು ತೆಗೆದರೆ ತಿಳಿ ನೀರು ತಾನಾಗಿ ಒಸರುತ್ತದೆ, ನಾವೆಲ್ಲ ಕುಡಿಯುತ್ತಿದ್ದದ್ದೇ ಆ ನೀರು. ಹೊಟ್ಟೆ ಅಡ್ಡ ಬರುತ್ತಿತ್ತು, ಬಗ್ಗಲಾಗುತ್ತಿರಲಿಲ್ಲ. ಅತ್ತೆ, "ನಾ ತೋಡ್ತೇನಿ ಸರಿ" ಎಂದರು. ನಾನು ಬಿಡಲಿಲ್ಲ. ನನ್ನ ಕೈಯ ನೀರು ಬೇಕೆಂದಿದ್ದಳು ಅವ್ವ. ಮೊದಲ ನೀರು ಚೆಲ್ಲಿದೆ, ಎರಡನೆಯದೂ ಚೆಲ್ಲಿದೆ, ತಳದ ಉಸುಕು ಕಾಣುವಷ್ಟು ತಿಳಿಯಾದ ಮೇಲೆ ಬೊಗಸೆಯಿಂದ ತಂಬಿಗೆ ತುಂಬಿದೆ. ಉಗುರಿನ ಸಂದಿಯಲ್ಲಿ ರಕ್ತ ಬಂದಿತ್ತು. ಅತ್ತೆ ತಮ್ಮ ಮಡಿ ಸೀರೆಯ ತುದಿ ಹರಿದು ತಂಬಿಗೆಯ ಬಾಯಿಗೆ ಕಟ್ಟಿದರು.

ಕಾಕಾ ತಂಬಿಗೆ ನೋಡಿದ. "ಯವ್ವಾ, ಆ ದಂಡ್ಯಾಗೂ ವರತಿ ಅದಾವಲ್ಲ, ಇದ ಹೊಳಿ ನೀರು" ಎಂದು ಶುರು ಮಾಡಿದವನು ನನ್ನ ಕೈ ನೋಡಿ ನಿಲ್ಲಿಸಿದ. ಎರಡೂ ಕೈ ಚಾಚಿ ತೆಗೆದುಕೊಂಡು ಹರಗೋಲಿನಲ್ಲಿ ತನ್ನ ಪಾದಗಳ ನಡುವೆ ಇಟ್ಟುಕೊಂಡ. ಆಚೆ ಹೋಗಲು ಜನ ಕಾದು ನಿಂತಿದ್ದರು. ಅವತ್ತು ಒಬ್ಬರೂ ಹತ್ತಲಿಲ್ಲ, ಒಬ್ಬರೂ ಗೊಣಗಲಿಲ್ಲ. ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ನಿಂತರು. ಒಂದು ತಂಬಿಗೆ ನೀರನ್ನು ಮಾತ್ರ ಕೂಡಿಸಿಕೊಂಡು ಹರಗೋಲು ಹೊಳೆಯೊಳಗೆ ಹೋಯಿತು.

ಆಚೆ ದಂಡೆಯಲ್ಲಿ ಚಕ್ಕಡಿ ಬಂದು ನಿಂತಿತ್ತು. ಎತ್ತು ಬಿಚ್ಚಿ ಕಟ್ಟಿದ್ದರು. ಅಣ್ಣ ಚಕ್ಕಡಿಯೊಳಗೆ ಹತ್ತಿ ಅವ್ವನನ್ನು ಎಬ್ಬಿಸಿ ತನ್ನ ಎದೆಗೆ ಆನಿಸಿ ಕೂಡಿಸಿಕೊಂಡ. ನನಗೆ ಕಂಡದ್ದು ಒಂದು ಬಿಳಿ ತಲೆ, ಹೊದ್ದ ಕೌದಿಯ ಕೆಂಪು, ಅಷ್ಟೇ. ಮೂಗು, ಕಣ್ಣು ಏನೂ ಕಾಣಲಿಲ್ಲ. "ಯವ್ವಾ!" ಎಂದು ಕೂಗಿದೆ. ಎಲ್ಲಿಯ ಯವ್ವ, ಹೊಳೆಯ ಸಪ್ಪಳದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಸೆರಗು ಬೀಸಿದೆ. ಚಕ್ಕಡಿಯಲ್ಲಿ ಒಂದು ಕೈ ಮೇಲೆದ್ದಿತು. ಅವಳೇ ಎತ್ತಿದಳೋ, ಅಣ್ಣ ಅವಳ ಕೈ ಹಿಡಿದು ಎತ್ತಿ ತೋರಿಸಿದನೋ ಗೊತ್ತಿಲ್ಲ. ಅಣ್ಣನನ್ನು ನಾನು ಎಂದೂ ಕೇಳಲಿಲ್ಲ, ಅವನೂ ಈಗ ಇಲ್ಲ.

ಕಾಕಾ ಆಚೆ ಇಳಿದು, ತಂಬಿಗೆಯನ್ನು ಎದೆಗೆ ಅವಚಿಕೊಂಡು, ಹರಳಿನ ಮೇಲೆ ಎಡವದಂತೆ ನಿಧಾನ ನಡೆದು ಹೋದದ್ದು ಕಂಡಿತು. ಚಕ್ಕಡಿಯ ಹತ್ತಿರ ಬಗ್ಗಿ ನಿಂತ. ಬಹಳ ಹೊತ್ತು ನಿಂತ. ಆಮೇಲೆ ತಿರುಗಿ ಬಂದ. ತಂಬಿಗೆ ಅವನ ಕೈಯಲ್ಲೇ ಇತ್ತು, ಮೊದಲಿನ ಹಾಗೆಯೇ ಎದೆಗೆ ಅವಚಿಕೊಂಡಿದ್ದ. ಖಾಲಿ ತಂಬಿಗೆಯನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ತಡ ಆಯಿತು, ಅವಳು ಕುಡಿಯಲಿಲ್ಲ ಎಂದುಕೊಂಡೆ. ಅತ್ತೆ ನನ್ನ ಬೆನ್ನು ಹಿಡಿದುಕೊಂಡರು.

ಕಾಕಾ ದಂಡೆಗೆ ಬಂದು ತಂಬಿಗೆಯನ್ನು ನನ್ನ ಕೈಗೆ ಕೊಟ್ಟ. ಅರ್ಧ ಇತ್ತು.

"ಕುಡದಾಳವ್ವಾ. ಗುಟುಕು ಗುಟುಕು ಅರ್ಧ ಕುಡದಾಳ. ಅಷ್ಟು ಕುಡದದ್ದು ನಿಮ್ಮಣ್ಣಗೂ ನಂಬಿಗಿ ಆಗ್ಲಿಲ್ಲ. ಉಳದದ್ದು ನಿನಗ ಒಯ್ದು ಕೊಡು ಅಂದ್ಲು."

"ನನಗ ಯಾಕ?"

"ಬಿಸಲಾಗ ನಿಂತಾಳ, ನೀರಡಸಿರ್ತಾಳ ಅಂದ್ಲು."

ನಾನು ಅಲ್ಲೇ ಹರಳಿನ ಮೇಲೆ ಕೂತು ಕುಡಿದೆ. ಅವ್ವನ ಎಂಜಲು, ಒಂದು ಹನಿ ಬಿಡಲಿಲ್ಲ. ತಲೆ ಎತ್ತಿ ನೋಡುವಷ್ಟರಲ್ಲಿ ಆಚೆ ಎತ್ತು ಹೂಡಿದ್ದರು. ಚಕ್ಕಡಿ ದಿಬ್ಬ ಹತ್ತಿ ಜಾಲಿಯ ಮರೆಗೆ ಹೋಗುವ ತನಕ ನೋಡಿದೆ. ಕಾಕಾ ಅಷ್ಟು ಹೊತ್ತೂ ಹರಗೋಲು ಬಿಡಲಿಲ್ಲ.

ಆಮೇಲೆ ನಾನು ಕಡವಿಗೆ ಹೋದರೆ ಆಚೆಯಿಂದ ಬಂದವರು "ಚಲೋ ಅದಾಳ" ಅನ್ನುವುದನ್ನೂ ಬಿಟ್ಟರು. ನನ್ನನ್ನು ಕಂಡರೆ ದೂರದಿಂದಲೇ ಅಡ್ಡ ದಾರಿ ಹಿಡಿಯುತ್ತಿದ್ದರು. ಒಂದು ದಿನ, ವಾರ ಅಲ್ಲ ಹಬ್ಬ ಅಲ್ಲ, ಅತ್ತೆ ನಡುಮಧ್ಯಾಹ್ನ ನೀರು ಕಾಸಿ ನನ್ನನ್ನು ಬಚ್ಚಲಿಗೆ ಕರೆದರು. "ತಲಿ ಮ್ಯಾಲೆ ನೀರು ಹಾಕ್ತೇನಿ ಬಾ. ಸೆಕಿ ಭಾಳ ಐತಿ" ಎಂದರು. ಸೂತಕ ತಿಳಿದಾಗ ಹೊತ್ತಲ್ಲದ ಹೊತ್ತಿನಲ್ಲಿ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತೇವೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಏನೂ ಕೇಳದೆ ಹೋಗಿ ಕೂತೆ. ಅವರು ಏನೂ ಹೇಳದೆ ಹಾಕಿದರು. ನೀರಿನಲ್ಲಿ ನನ್ನ ಕಣ್ಣೀರು ಅವರಿಗೆ ಕಾಣುವುದಿಲ್ಲ ಎಂದುಕೊಂಡಿದ್ದೆ. ಹಿಂದೆ ನಿಂತ ಅವರ ಉಸಿರೂ ಬಿಕ್ಕುತ್ತಿತ್ತು. ನಾನು ಗಟ್ಟಿಯಾಗಿ ಅಳುವ ಹಾಗಿರಲಿಲ್ಲ, ಹೊಟ್ಟೆಯಲ್ಲಿ ಕೂಸಿತ್ತು.

ಭಾದ್ರಪದದಲ್ಲಿ ಹೆತ್ತೆ. ಹೆಣ್ಣು. ಅತ್ತೆ ನನಗೆ ತಾಯಿಯ ಹಾಗೆ ಬಾಣಂತನ ಮಾಡಿದರು, ಸುಳ್ಳು ಹೇಳಬಾರದು. ಅವ್ವ ಹೋದ ಸುದ್ದಿಯನ್ನು ಅವರೇ ಒಂದು ದಿನ ನನ್ನ ಕಾಲು ಒತ್ತುತ್ತ ಬಾಯಿ ಬಿಟ್ಟು ಹೇಳಿದರು. "ಗೊತ್ತೈತ್ರಿ" ಎಂದೆ. "ಗೊತ್ತೈತಿ ಅಂತ ನನಗೂ ಗೊತ್ತಿತ್ತವ್ವಾ" ಎಂದರು.

ಯುಗಾದಿಯ ಮುಂದೆ ಅಣ್ಣ ಚಕ್ಕಡಿ ತಂದು ಆಚೆ ದಂಡೆಯಲ್ಲಿ ನಿಲ್ಲಿಸಿದ್ದಾನೆ, ತಾಯಿ ಮಗಳನ್ನು ಕರೆದೊಯ್ಯಲು ಬಂದಿದ್ದಾನೆ ಎಂದು ಸುದ್ದಿ ಬಂತು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕಡವಿಗೆ ಹೋದೆ. ಕಡವಿನಲ್ಲಿ ಒಂದು ನರಪಿಳ್ಳೆ ಇಲ್ಲ. ನಾವೆ ಹರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಹರಗೋಲನ್ನು ಬೋರಲು ಹಾಕಿದ್ದರು, ಅದರ ನೆರಳಲ್ಲಿ ಒಂದು ನಾಯಿ ಮಲಗಿತ್ತು. ಕಾಕಾ ಕೂಲಿಗೆ ಎಲ್ಲಿಗೋ ಹೋಗಿದ್ದನಂತೆ. ಅಂಬಿಗನಿಗೆ ಬೇಸಿಗೆಯಲ್ಲಿ ಏನು ಕೆಲಸ? ಹೊಳೆ ನಡುವೆ ಒಂದು ಕಡೆ ಹರಿಯುತ್ತಿತ್ತು, ಉಳಿದದ್ದೆಲ್ಲ ಒಣಗಿದ ಹರಳು, ಬೂದಿಯ ಬಣ್ಣದ್ದು.

"ಸೀರಿ ಎತ್ತಿ ಕಟ್ಟಿಕೊ" ಎಂದರು ನಮ್ಮ ಮನೆಯವರು ಹಿಂದಿನಿಂದ. ರೂಢಿಯ ಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದೆ. ನೀರಿಗೆ ಇಳಿದೆ. ಒಂದು ಹೆಜ್ಜೆ, ಎರಡು ಹೆಜ್ಜೆ, ಇನ್ನು ಮುಂದೆ ಆಳ ಬರುತ್ತದೆ, ಇನ್ನು ಮುಂದೆ ಬರುತ್ತದೆ ಎಂದು ಕಾಲು ಊರುತ್ತ ಹೋದೆ. ಬರಲಿಲ್ಲ. ಪಾದ ಮುಳುಗಿತು, ಕಾಲ್ಗಡಗ ಮುಳುಗಲಿಲ್ಲ. ಕೂಸಿಗೆ ಎಚ್ಚರವೂ ಆಗಲಿಲ್ಲ.

ಆಚೆ ಅಣ್ಣ ನಿಂತಿದ್ದ. ಹತ್ತಿರ ಹೋದ ಮೇಲೆ ಕೂಸನ್ನು ತೆಗೆದುಕೊಂಡು, "ಅವತ್ತೂ ಇಲ್ಲೇ ಬಿಟ್ಟಿದ್ದೆ ಚಕ್ಕಡಿ" ಎಂದ. ಹರಳಿನಲ್ಲಿ ಗಾಲಿಯ ಗುರುತು ಉಳಿಯುವುದಿಲ್ಲ. ನಾನು ಆ ಜಾಗದಲ್ಲೇ ಕೂತೆ. ಶ್ರಾವಣದಿಂದ ತಡೆದು ಇಟ್ಟದ್ದೆಲ್ಲ ಬಾಯಿಗೆ ಬಂತು. "ಯವ್ವಾ, ನಾ ಬಂದೇನಿ ಏಳ. ನಡಕೊಂಡ ಬಂದೇನಿ ನೋಡ" ಎಂದು ಎದೆ ಬಡಿದುಕೊಂಡು ಹಾಡಿಕೊಂಡು ಅಳತೊಡಗಿದೆ. ಈಗ ಹೊಳೆ ಸಪ್ಪಳ ಮಾಡುತ್ತಿರಲಿಲ್ಲ, ನನ್ನ ಕೂಗು ಎರಡೂ ದಂಡೆಗೆ ಕೇಳುತ್ತಿತ್ತು. ಅಣ್ಣ ರಟ್ಟೆ ಹಿಡಿದು ಎಬ್ಬಿಸಿದ. ಎದ್ದು, ಎತ್ತಿ ಕಟ್ಟಿದ ಸೀರೆಯನ್ನು ಕೆಳಗೆ ಬಿಟ್ಟು, ಹಿಂಡಿಕೊಳ್ಳೋಣವೆಂದು ಅಂಚು ಹಿಡಿದೆ. ಹಿಂಡಲು ಏನೂ ಇರಲಿಲ್ಲ. ಅಂಚು ಒಣಗಿಯೇ ಇತ್ತು.